ರೂಬಿ ಲೈಬ್ರರಿಯ ಕೋರ್ ಎಕ್ಸ್‌ಟೆನ್ಷನ್‌ಗಳನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಖಾಲಿ ಅರೇ (ಮೌಲ್ಯಗಳ ಪಟ್ಟಿ) ಒಂದರ ಮೇಲೆ, ಎಲ್ಲವನ್ನೂ ಕೂಡುವ 'ಸಮ್' ಕರೆದರೆ ಏನು ಬರಬೇಕು? ರೂಬಿ 2.4ರಿಂದ ಈಚೆಗೆ ಉತ್ತರ ಸ್ಪಷ್ಟ: 0. ಅದಕ್ಕೂ ಮೊದಲು ಅರೇಗೆ 'ಸಮ್' ಎಂಬ ಮೆಥಡ್ಡೇ ಇರಲಿಲ್ಲ. ಹಾಗಾಗಿ ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಯುಟಿಲಿಟಿ ಜೆಮ್‌ನಲ್ಲಿ (ಜೆಮ್ ಎಂದರೆ ರೂಬಿಯ ಲೈಬ್ರರಿ ಪ್ಯಾಕೇಜ್) ಅದನ್ನು ನಾವೇ ಬರೆದುಕೊಂಡಿದ್ದೆವು. 'ಇಂಜೆಕ್ಟ್'ಗೆ ಕೂಡುವ ಚಿಹ್ನೆ ಕೊಟ್ಟ ಒಂದೇ ಸಾಲು. ಖಾಲಿ ಅರೇ ಸಿಕ್ಕಿದರೆ ಅದು ನಿಲ್, ಅಂದರೆ 'ಏನೂ ಇಲ್ಲ' ಎಂಬ ಮೌಲ್ಯ, ಕೊಡುತ್ತಿತ್ತು. 2.4 ಬಂದ ಮೇಲೂ ಆ ಸಾಲನ್ನು ಯಾರೂ ಮುಟ್ಟಲಿಲ್ಲ. ರೂಬಿಯ ಹೊಸ ಮೆಥಡ್ ಅದರಡಿ ಮುಚ್ಚಿಹೋಯಿತು. ನಮ್ಮ ಜೆಮ್ ಲೋಡ್ ಆದ ಪ್ರೋಗ್ರಾಮಿನಲ್ಲಿ ನಿಲ್, ಲೋಡ್ ಆಗದ ಕಡೆ 0. ಅದೇ ರೀತಿ 0.1, 0.2, 0.3 ಇರುವ ಅರೇಯನ್ನು ಕೂಡಿಸಿದರೆ ರೂಬಿಯದು 0.6, ನಮ್ಮದು 0.6000000000000001. ರೂಬಿಯ 'ಸಮ್' ದಶಮಾಂಶ ಸಂಖ್ಯೆಗಳನ್ನು ಕೂಡುವಾಗ ಕಳೆದುಹೋಗುವ ಚೂರುಗಳನ್ನು ಬೇರೆಯಾಗಿ ಲೆಕ್ಕ ಇಟ್ಟು ಕೊನೆಗೆ ಸೇರಿಸುತ್ತದೆ. ನಮ್ಮ ಒಂದು ಸಾಲಿಗೆ ಆ ಜಾಣತನ ಇರಲಿಲ್ಲ. ಜೆಮ್ ಬಳಸುವವರಿಗೆ ಇದು ಗೊತ್ತಾಗುವ ಯಾವ ದಾರಿಯೂ ಇರಲಿಲ್ಲ, ಏಕೆಂದರೆ ಎಲ್ಲಿಯೂ ಎರರ್ ಬರುತ್ತಿರಲಿಲ್ಲ.

ಸ್ಟ್ರಿಂಗ್, ಅರೇ, ಹ್ಯಾಶ್ (ಕೀ ಮತ್ತು ಮೌಲ್ಯಗಳ ಜೋಡಿಗಳ ಸಂಗ್ರಹ) ಥರದ ರೂಬಿಯ ಸ್ವಂತ ಕ್ಲಾಸ್‌ಗಳಿಗೆ ಮೆಥಡ್ ಸೇರಿಸುವುದು, ಅಂದರೆ ಕೋರ್ ಎಕ್ಸ್‌ಟೆನ್ಷನ್ ಬರೆಯುವುದು, ಎರಡು ನಿಮಿಷದ ಕೆಲಸ. ಅದನ್ನು ಹತ್ತು ವರ್ಷ ನೋಡಿಕೊಳ್ಳುವುದು ಬೇರೆಯೇ ಕೆಲಸ. ನೀವು ಅಲ್ಲಿ ಇಡುವ ಹೆಸರು ನಿಮ್ಮ ಲೈಬ್ರರಿಯೊಳಗೆ ಉಳಿಯುವುದಿಲ್ಲ. ಅದು ಇಡೀ ಪ್ರೋಗ್ರಾಮಿನ ಹೆಸರಾಗುತ್ತದೆ, ಬೇರೆ ಜೆಮ್‌ಗಳಿಗೂ ಕಾಣಿಸುತ್ತದೆ, ನಾಳೆ ರೂಬಿಯೇ ಅದನ್ನು ಕೇಳಬಹುದು. ಹಾಗಾಗಿ ಇಲ್ಲಿನ ಹೆಜ್ಜೆಗಳಲ್ಲಿ ಸೇರಿಸುವುದಕ್ಕಿಂತ ಬಿಟ್ಟುಕೊಡುವುದರ ಮಾತೇ ಹೆಚ್ಚು. ಪ್ರತಿ ಮೆಥಡ್ಡೂ ಒಂದು ದಿನ ಹೊರಡಲು ತಯಾರಾಗಿರಬೇಕು ಎಂಬ ಎಣಿಕೆಯಲ್ಲೇ ನಾನು ಈಗ ಇಂಥ ಕೋಡ್ ಬರೆಯುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಲೈಬ್ರರಿ ಏನೇನು ಮುಟ್ಟುತ್ತದೆ ಎಂದು ಯಂತ್ರದಿಂದಲೇ ಹೇಳಿಸಿ

ಫೋಲ್ಡರ್ ತೆರೆದು ಫೈಲ್ ಹೆಸರು ನೋಡಿ ಪಟ್ಟಿ ಮಾಡಬೇಡಿ. ಹಳೆಯ ಲೈಬ್ರರಿಯಲ್ಲಿ ಫೈಲ್ ಹೆಸರಿಗೂ ಒಳಗಿನದಕ್ಕೂ ಸಂಬಂಧ ಸಡಿಲವಾಗಿರುತ್ತದೆ. ಬದಲಿಗೆ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಅದು ಮೊದಲು ಲೈಬ್ರರಿ ಇಲ್ಲದೆ ಆಬ್ಜೆಕ್ಟ್, ಕರ್ನೆಲ್, ಸ್ಟ್ರಿಂಗ್, ಸಿಂಬಲ್, ಅರೇ, ಹ್ಯಾಶ್, ಎನ್ಯೂಮರಬಲ್, ಕಂಪ್ಯಾರಬಲ್, ಇಂಟಿಜರ್, ಫ್ಲೋಟ್, ರೇಂಜ್, ಪ್ರಾಕ್, ಮಾಡ್ಯೂಲ್, ಟೈಮ್ ಇವುಗಳ ಎಲ್ಲ ಮೆಥಡ್‌ಗಳನ್ನು ಬರೆದಿಟ್ಟುಕೊಳ್ಳಬೇಕು. ಪಬ್ಲಿಕ್ ಜೊತೆಗೆ ಪ್ರೈವೇಟ್ ಮೆಥಡ್‌ಗಳೂ ಬೇಕು, ಕ್ಲಾಸ್‌ನ ಮೇಲೆ ನೇರವಾಗಿ ಕರೆಯುವ ಮೆಥಡ್‌ಗಳೂ ಬೇಕು. ಆಮೇಲೆ ಲೈಬ್ರರಿ ಲೋಡ್ ಮಾಡಿ ಮತ್ತೆ ಬರೆದುಕೊಳ್ಳಲಿ. ಎರಡರ ವ್ಯತ್ಯಾಸವೇ ನೀವು ಸೇರಿಸಿದ್ದು.

ಆದರೆ ವ್ಯತ್ಯಾಸದಲ್ಲಿ ಕಾಣದ ಒಂದು ಗುಂಪಿದೆ, ಅಪಾಯ ಇರುವುದು ಅಲ್ಲೇ: ಮೊದಲೂ ಇದ್ದು, ಆಮೇಲೂ ಇದ್ದು, ನಡುವೆ ನೀವು ಬದಲಿಸಿಬಿಟ್ಟ ಮೆಥಡ್‌ಗಳು. ಇವನ್ನು ಹಿಡಿಯಲು ಪ್ರತಿ ಮೆಥಡ್‌ನ 'ಸೋರ್ಸ್_ಲೊಕೇಷನ್' ಕೇಳಿ. ಸಿ ಭಾಷೆಯಲ್ಲಿ ಬರೆದ ರೂಬಿ ಮೆಥಡ್ ಆಗಿದ್ದರೆ ನಿಲ್ ಬರುತ್ತದೆ. ಉತ್ತರದಲ್ಲಿ ನಿಮ್ಮ ಜೆಮ್‌ನ ಫೋಲ್ಡರ್ ಕಾಣಿಸಿದರೆ ಅದು ನಿಮ್ಮದು. ನಿಲ್ ಅಲ್ಲ ಎಂಬುದನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳಬೇಡಿ, ಏಕೆಂದರೆ ಈಚಿನ ಆವೃತ್ತಿಗಳಲ್ಲಿ 'ಟ್ಯಾಪ್' ಥರದ ಕೆಲವು ಕೋರ್ ಮೆಥಡ್‌ಗಳನ್ನು ರೂಬಿಯಲ್ಲೇ ಬರೆಯಲಾಗಿದೆ. ಫೋಲ್ಡರ್ ಹೆಸರನ್ನೇ ಹೋಲಿಸಿ ನೋಡುವುದು ಭದ್ರ.

ರೂಬಿಯನ್ನು ಎಚ್ಚರಿಕೆಗಳ ಸಮೇತ ಓಡಿಸಿದರೆ, ಅಂದರೆ ಹೈಫನ್ ಡಬ್ಲ್ಯೂ ಆಯ್ಕೆ ಕೊಟ್ಟರೆ, ಹಳೆಯ ಮೆಥಡ್ ಅಳಿಸಿ ಹೊಸದು ಬರೆದಾಗ ಅದು ಹೇಳುತ್ತದೆ. ಅಷ್ಟಕ್ಕೇ ನಂಬಿ ಕೂರಬೇಡಿ: ಹಳೆಯ ಮೆಥಡ್‌ಗೆ ಮೊದಲೇ ಅಲಿಯಾಸ್ (ಇನ್ನೊಂದು ಹೆಸರು) ಮಾಡಿದ್ದರೆ ಆ ಎಚ್ಚರಿಕೆ ಬರುವುದೇ ಇಲ್ಲ. ಹಳೆಯ ಜೆಮ್‌ಗಳಲ್ಲಿ ಅಲಿಯಾಸ್ ಮಾಡಿ ಸುತ್ತುವರಿಯುವ ಪದ್ಧತಿ ಎಷ್ಟು ಸಾಮಾನ್ಯ ಎಂದು ನಿಮಗೆ ಗೊತ್ತೇ ಇದೆ.

ಈ ಪಟ್ಟಿಯನ್ನು ಒಂದು ಸಾದಾ ಟೆಕ್ಸ್ಟ್ ಫೈಲ್ ಆಗಿ ರೆಪೊಸಿಟರಿಯಲ್ಲೇ ಇಡಿ. ಪಟ್ಟಿ ಬದಲಾದರೆ ಟೆಸ್ಟ್ ಬೀಳುವಂತೆ ಮಾಡಿ. ಯಾರೋ ಗೊತ್ತಿಲ್ಲದೆ ಸ್ಟ್ರಿಂಗ್‌ಗೆ ಒಂದು ಸಹಾಯಕ ಮೆಥಡ್ ಸೇರಿಸಿದರೆ, ಕೋಡ್ ಪರಿಶೀಲಿಸುವವರ ಕಣ್ಣಿಗೆ ಅದು ಒಂದು ಹೊಸ ಸಾಲಾಗಿ ಬೀಳುತ್ತದೆ.

ಪಟ್ಟಿ ತಯಾರಿಸುವಾಗಲೇ ನೋಡಬೇಕಾದ ಇನ್ನೊಂದು ವಿಷಯ ಇದೆ. ಫಿಕ್ಸ್‌ನಮ್ ಮತ್ತು ಬಿಗ್‌ನಮ್ ಎಂಬ ಎರಡು ಕ್ಲಾಸ್‌ಗಳು 2.4ರಲ್ಲಿ ಇಂಟಿಜರ್ ಎಂಬ ಒಂದೇ ಕ್ಲಾಸ್ ಆದವು, 3.2ರಲ್ಲಿ ಆ ಹಳೆಯ ಹೆಸರುಗಳೇ ಹೋದವು. ನಿಮ್ಮ ಹಳೆಯ ಫೈಲ್ 'ಕ್ಲಾಸ್ ಫಿಕ್ಸ್‌ನಮ್' ಎಂದು ಶುರುವಾಗುತ್ತಿದ್ದರೆ 3.2ರಲ್ಲಿ ಎರರ್ ಬರುವುದಿಲ್ಲ. ರೂಬಿ ಆ ಹೆಸರಿನ ಹೊಚ್ಚಹೊಸ, ಖಾಲಿ ಕ್ಲಾಸ್ ಒಂದನ್ನು ಹುಟ್ಟಿಸಿ ನಿಮ್ಮ ಮೆಥಡ್‌ಗಳನ್ನು ಅದಕ್ಕೆ ಕೊಡುತ್ತದೆ. ಸಂಖ್ಯೆಗಳಿಗೆ ಏನೂ ಸಿಗುವುದಿಲ್ಲ. ಇದನ್ನು ತಪ್ಪಿಸಲು ಸುಲಭ ದಾರಿ: ಕೋರ್ ಕ್ಲಾಸನ್ನು 'ಕ್ಲಾಸ್' ಪದದಿಂದ ಮತ್ತೆ ತೆರೆಯಬೇಡಿ. 'ಇಂಟಿಜರ್' ಎಂದು ಹೆಸರು ಹೇಳಿ ಅದರ ಮೇಲೆ 'ಇನ್‌ಕ್ಲೂಡ್' ಅಥವಾ 'ಕ್ಲಾಸ್_ಇವ್ಯಾಲ್' ಕರೆಯಿರಿ. ಹೆಸರು ಇಲ್ಲದಿದ್ದರೆ ಆಗ ಲೋಡ್ ಆಗುವ ಹೊತ್ತಿಗೇ ಎರರ್ ಸಿಗುತ್ತದೆ.

ಎರಡನೆಯದು: ರೂಬಿ ಈಗಾಗಲೇ ತೆಗೆದುಕೊಂಡದ್ದನ್ನು ಬೇರೆ ಮಾಡಿ

ಎಕ್ಸ್‌ಟೆನ್ಷನ್ ಲೈಬ್ರರಿಗಳಲ್ಲಿ ಹುಟ್ಟಿ ಜನಪ್ರಿಯವಾದ ಎಷ್ಟೋ ಮೆಥಡ್‌ಗಳು ಕಾಲಕ್ರಮದಲ್ಲಿ ರೂಬಿಯ ಒಳಗೇ ಬಂದಿವೆ. ಹ್ಯಾಶ್‌ನ 'ಟ್ರಾನ್ಸ್‌ಫಾರ್ಮ್_ವ್ಯಾಲ್ಯೂಸ್' ಮತ್ತು 'ಕಂಪ್ಯಾಕ್ಟ್' 2.4ರಲ್ಲಿ ಬಂದವು, 'ಸ್ಲೈಸ್' ಮತ್ತು 'ಟ್ರಾನ್ಸ್‌ಫಾರ್ಮ್_ಕೀಸ್' 2.5ರಲ್ಲಿ, 'ಎಕ್ಸೆಪ್ಟ್' 3.0ರಲ್ಲಿ. 'ಡಿಗ್' ಬಂದದ್ದು 2.3ರಲ್ಲಿ, 'ಕ್ಲ್ಯಾಂಪ್' 2.4ರಲ್ಲಿ, ಸ್ಟ್ರಿಂಗ್‌ನ 'ಡಿಲೀಟ್_ಪ್ರಿಫಿಕ್ಸ್' 2.5ರಲ್ಲಿ, 'ಟ್ಯಾಲಿ' ಮತ್ತು 'ಫಿಲ್ಟರ್_ಮ್ಯಾಪ್' 2.7ರಲ್ಲಿ. ನಿಮ್ಮ ಜೆಮ್‌ನ ಸ್ಪೆಕ್ ಫೈಲಿನಲ್ಲಿ ಕನಿಷ್ಠ ರೂಬಿ ಆವೃತ್ತಿ ಎಷ್ಟು ಎಂದು ನೋಡಿ. ಅದು 3.0 ಎಂದಿದ್ದರೆ ಮೇಲಿನ ಯಾವುದನ್ನೂ ನೀವು ಹೊತ್ತುಕೊಂಡಿರಬೇಕಾದ ಕಾರಣವಿಲ್ಲ.

ಆದರೆ ಹೆಸರು ಒಂದೇ ಎಂದ ಮಾತ್ರಕ್ಕೆ ಕೆಲಸವೂ ಒಂದೇ ಎಂದುಕೊಂಡು ಅಳಿಸಬೇಡಿ. ಹ್ಯಾಶ್‌ನ 'ಸ್ಲೈಸ್' ಅನ್ನೇ ಹತ್ತಿರದಿಂದ ನೋಡೋಣ. ಅ, ಬ, ಕ ಎಂಬ ಮೂರು ಕೀಗಳು ಅದೇ ಅನುಕ್ರಮದಲ್ಲಿರುವ ಹ್ಯಾಶ್ ಇದೆ ಎಂದುಕೊಳ್ಳಿ. ಅದಕ್ಕೆ 'ಸ್ಲೈಸ್' ಕರೆದು ಮೊದಲು ಕ, ಆಮೇಲೆ ಅ ಕೇಳುತ್ತೀರಿ. ರೂಬಿಯ ಮೆಥಡ್ ನೀವು ಕೇಳಿದ ಅನುಕ್ರಮದಲ್ಲೇ ಕೊಡುತ್ತದೆ: ಕ, ಅ. ನಾವು ಕೈಯಾರೆ ಬರೆದದ್ದು ಸಾಮಾನ್ಯವಾಗಿ ಹೇಗಿರುತ್ತದೆ? ಹ್ಯಾಶ್ ಮೇಲೆ 'ಸೆಲೆಕ್ಟ್' ಓಡಿಸಿ, ಕೇಳಿದ ಪಟ್ಟಿಯಲ್ಲಿ ಆ ಕೀ ಇದೆಯೇ ಎಂದು ನೋಡುವುದು. ಅದು ಮೂಲ ಹ್ಯಾಶ್‌ನ ಅನುಕ್ರಮವನ್ನೇ ಉಳಿಸುತ್ತದೆ: ಅ, ಕ.

ಟೆಸ್ಟ್ ಬರೆದು ಎರಡನ್ನೂ ಹೋಲಿಸಿದರೆ ಪಾಸ್ ಆಗುತ್ತದೆ! ಎರಡು ಹ್ಯಾಶ್‌ಗಳು ಸಮವೇ ಎಂದು ನೋಡುವಾಗ ರೂಬಿ ಅನುಕ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದೇ ಹ್ಯಾಶ್‌ನಿಂದ ಸಿಎಸ್‌ವಿ ಸಾಲು ಬರೆಯುವ ಕೋಡ್ ಎಲ್ಲೋ ಇದ್ದರೆ, ಕಾಲಂಗಳು ಅದಲು ಬದಲಾಗುತ್ತವೆ. ನೀವು 'ನಮ್ಮ ಸ್ಲೈಸ್ ತೆಗೆದೆವು, ರೂಬಿಯದೇ ಇದೆ' ಎಂದು ಪ್ಯಾಚ್ ಆವೃತ್ತಿ (ಸಣ್ಣ ತಿದ್ದುಪಡಿಯ ಬಿಡುಗಡೆ) ಬಿಟ್ಟ ಮರುದಿನ ಯಾರದೋ ವರದಿಯಲ್ಲಿ ಹೆಸರಿನ ಜಾಗಕ್ಕೆ ಮೊತ್ತ ಬಂದು ಕೂತಿರುತ್ತದೆ.

ಹಾಗಾಗಿ ಪ್ರತಿ ಸಮನಾಮಿ ಮೆಥಡ್‌ಗೂ ಒಂದು ಹೋಲಿಕೆ ಟೆಸ್ಟ್ ಬೇಕು. ಅದು ಸಮವೇ ಎಂದಷ್ಟೇ ಕೇಳಬಾರದು. ಖಾಲಿ ಇದ್ದಾಗ ಏನು ಬರುತ್ತದೆ, ಅನುಕ್ರಮ ಯಾವುದು, ಸಬ್‌ಕ್ಲಾಸ್ ಮೇಲೆ ಕರೆದರೆ ಫಲಿತಾಂಶ ಯಾವ ಕ್ಲಾಸಿನದು, ಹ್ಯಾಶ್‌ನ ಡಿಫಾಲ್ಟ್ ಮೌಲ್ಯ ಉಳಿಯುತ್ತದೆಯೇ, ಫ್ರೀಜ್ ಮಾಡಿದ್ದನ್ನು ಕೊಟ್ಟರೆ ಹೊಸದು ಸಿಗುತ್ತದೆಯೇ, ಬ್ಲಾಕ್ ಕೊಡದಿದ್ದರೆ ಎನ್ಯೂಮರೇಟರ್ ಬರುತ್ತದೆಯೇ, ತಪ್ಪು ಬಗೆಯ ವಸ್ತು ಕೊಟ್ಟರೆ ಯಾವ ಎರರ್, ಇಷ್ಟನ್ನೂ ಕೇಳಬೇಕು. ರೂಬಿಯ 'ಸಮ್' 0ಯಿಂದ ಶುರು ಮಾಡುವುದರಿಂದ ಸ್ಟ್ರಿಂಗ್‌ಗಳ ಅರೇ ಕೊಟ್ಟರೆ ಟೈಪ್ ಎರರ್ ಎಸೆಯುತ್ತದೆ. ನಮ್ಮ ಹಳೆಯದು ಸ್ಟ್ರಿಂಗ್‌ಗಳನ್ನು ಸೇರಿಸಿ ಕೊಡುತ್ತಿತ್ತು. ರೂಬಿಯ ವೆಬ್ ಫ್ರೇಮ್‌ವರ್ಕ್ ಆದ ರೈಲ್ಸ್‌ನ ಎಕ್ಸ್‌ಟೆನ್ಷನ್ ಲೈಬ್ರರಿ ಆಕ್ಟಿವ್ ಸಪೋರ್ಟ್ ಕೂಡ ಇದೇ ಗಂಟನ್ನು ಬಿಡಿಸಬೇಕಾಯಿತು. ಸಂಖ್ಯೆಯಲ್ಲದವನ್ನು ಆರಂಭದ ಮೌಲ್ಯ ಕೊಡದೆ ಕೂಡಿಸುವುದನ್ನು ಅದು 7.0ರಲ್ಲಿ ಡೆಪ್ರಿಕೇಟ್ ಮಾಡಿತು, ಅಂದರೆ ಮುಂದೆ ತೆಗೆಯುತ್ತೇವೆ ಎಂದು ಎಚ್ಚರಿಸಿತು.

ಕೆಲಸ ಪೂರ್ತಿ ಒಂದೇ ಆಗಿದ್ದರೆ ನಿಮ್ಮದನ್ನು ಅಳಿಸಿ. ಸ್ವಲ್ಪವೇ ಬೇರೆ ಆಗಿದ್ದರೆ ನಿಮ್ಮದನ್ನು ರೂಬಿಯ ನಡತೆಗೆ ತಂದು, ಅದನ್ನು ಮೇಜರ್ ಆವೃತ್ತಿಯಲ್ಲಿ (ಹಳೆಯದಕ್ಕೆ ಹೊಂದದ ಬದಲಾವಣೆ ಇರುವ ದೊಡ್ಡ ಬಿಡುಗಡೆ) ಘೋಷಿಸಿ, ಆಮೇಲೆ ಅಳಿಸಿ. ಬೇರೆಯಾಗಿರುವುದೇ ನಿಮ್ಮ ಬಳಕೆದಾರರಿಗೆ ಬೇಕಾಗಿದ್ದರೆ ಹೆಸರು ಬದಲಿಸಿ. ರೂಬಿಯ ಹೆಸರನ್ನು ಇಟ್ಟುಕೊಂಡು ಬೇರೆ ಅರ್ಥ ಕೊಡುವುದನ್ನು ಮಾತ್ರ ಯಾವ ಕಾರಣಕ್ಕೂ ಮುಂದುವರಿಸಬೇಡಿ.

ಮೂರನೆಯದು: 'ಇಲ್ಲದಿದ್ದರೆ ಮಾತ್ರ ಸೇರಿಸು' ಎಂಬ ಕಾವಲನ್ನು ಯೋಚಿಸಿ ಬಳಸಿ

'ಮೆಥಡ್_ಡಿಫೈನ್ಡ್?' ಎಂದು ಕೇಳಿ, ಇಲ್ಲ ಎಂದಾಗ ಮಾತ್ರ ಮೆಥಡ್ ಬರೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ರೂಬಿ ಆವೃತ್ತಿಯ ಸಂಖ್ಯೆಯನ್ನು ಹೋಲಿಸುವುದಕ್ಕಿಂತ ಇದು ಒಳ್ಳೆಯದು. ಆದರೆ ಈ ಕಾವಲು ಎರಡು ನಡತೆಗಳನ್ನು ಒಂದೇ ಹೆಸರಿನಡಿ ಸಾಕುತ್ತದೆ: ಹಳೆಯ ರೂಬಿಯಲ್ಲಿ ನಿಮ್ಮದು, ಹೊಸದರಲ್ಲಿ ರೂಬಿಯದು. ಮೇಲಿನ ಹೋಲಿಕೆ ಟೆಸ್ಟ್ ಪಾಸ್ ಆಗಿದ್ದರೆ ಮಾತ್ರ ಇದು ನಿರಪಾಯ. ಇನ್ನೊಂದು ತೊಡಕೆಂದರೆ, ಬೇರೆ ಜೆಮ್ ಒಂದು ಅದೇ ಹೆಸರನ್ನು ಮೊದಲೇ ಸೇರಿಸಿದ್ದರೆ ನಿಮ್ಮ ಕಾವಲು ಸುಮ್ಮನೆ ಹಿಂದೆ ಸರಿಯುತ್ತದೆ, ಮತ್ತು ನಿಮ್ಮ ಲೈಬ್ರರಿಯ ಒಳಗಿನ ಕೋಡ್ ಯಾರದೋ ಮೆಥಡ್ ನಂಬಿ ಓಡುತ್ತದೆ. ಲೋಡ್ ಆಗುವ ಅನುಕ್ರಮ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಇದಕ್ಕೆ ಪರಿಹಾರ ಐದನೆಯ ಹೆಜ್ಜೆಯಲ್ಲಿದೆ.

ನಾಲ್ಕನೆಯದು: ಮೆಥಡ್ ಎಲ್ಲಿ ಕೂರುತ್ತದೆ ಎಂಬುದೇ ಮುಂದೆ ಯಾರು ಗೆಲ್ಲುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ

ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನಕ್ಕೆ ನೋಡೋಣ.

ಹ್ಯಾಶ್ ಮೇಲೆ ಒಂದು ಮೆಥಡ್ ಕರೆದಾಗ ರೂಬಿ ಒಂದು ಸರಪಳಿಯ ಉದ್ದಕ್ಕೂ ಹುಡುಕುತ್ತದೆ. ಹ್ಯಾಶ್‌ಗೆ 'ಪ್ರಿಪೆಂಡ್' ಮಾಡಿದ, ಅಂದರೆ ಮುಂದೆ ಸೇರಿಸಿದ ಮಾಡ್ಯೂಲ್‌ಗಳು (ಮೆಥಡ್‌ಗಳ ಕಟ್ಟುಗಳು) ಮೊದಲು, ಆಮೇಲೆ ಹ್ಯಾಶ್, ಆಮೇಲೆ ಹ್ಯಾಶ್‌ಗೆ 'ಇನ್‌ಕ್ಲೂಡ್' ಮಾಡಿದ ಮಾಡ್ಯೂಲ್‌ಗಳು, ಅವುಗಳಲ್ಲಿ ಕೊನೆಗೆ ಸೇರಿದ್ದು ಮುಂದೆ. ಆಮೇಲೆ ಎನ್ಯೂಮರಬಲ್, ಆಬ್ಜೆಕ್ಟ್, ಕರ್ನೆಲ್, ಕೊನೆಗೆ ಬೇಸಿಕ್‌ಆಬ್ಜೆಕ್ಟ್.

ಈಗ ನಿಮ್ಮ ಮೆಥಡ್ ಅನ್ನು ಹ್ಯಾಶ್ ಕ್ಲಾಸ್ ತೆರೆದು ನೇರವಾಗಿ ಒಳಗೆ ಬರೆದಿರಿ ಎಂದುಕೊಳ್ಳಿ. ಮುಂದಿನ ವರ್ಷ ರೂಬಿ ಅದೇ ಹೆಸರನ್ನು ಹ್ಯಾಶ್‌ಗೆ ಸೇರಿಸಿದರೆ ನಿಮ್ಮದು ಅದನ್ನು ಅಳಿಸಿಹಾಕುತ್ತದೆ. ಬದಲಿಗೆ ಒಂದು ಹೆಸರಿರುವ ಮಾಡ್ಯೂಲ್‌ನಲ್ಲಿ ಬರೆದು ಹ್ಯಾಶ್‌ಗೆ 'ಇನ್‌ಕ್ಲೂಡ್' ಮಾಡಿದ್ದರೆ? ನಿಮ್ಮ ಮಾಡ್ಯೂಲ್ ಹ್ಯಾಶ್‌ನ ಹಿಂದೆ ಇದೆ. ರೂಬಿ ತನ್ನದನ್ನು ಹ್ಯಾಶ್‌ಗೆ ಸೇರಿಸಿದ ದಿನವೇ ಅದು ಮುಂದೆ ಬರುತ್ತದೆ, ನಿಮ್ಮದು ತಾನಾಗಿ ಮರೆಗೆ ಸರಿಯುತ್ತದೆ. ಕಾವಲು ಬೇಡ, ಆವೃತ್ತಿ ಪರೀಕ್ಷೆ ಬೇಡ. ಜೊತೆಗೆ ಹ್ಯಾಶ್‌ನ 'ಆನ್‌ಸೆಸ್ಟರ್ಸ್' ಕೇಳಿದರೆ ನಿಮ್ಮ ಮಾಡ್ಯೂಲ್ ಹೆಸರು ಅಲ್ಲಿ ಕಾಣಿಸುತ್ತದೆ. ಈ ಮೆಥಡ್ ಎಲ್ಲಿಂದ ಬಂತಪ್ಪಾ ಎಂದು ರಾತ್ರಿ ಹೊತ್ತು ಹುಡುಕುತ್ತಿರುವವರಿಗೆ ಆ ಒಂದು ಹೆಸರು ಎಷ್ಟು ಉಪಕಾರ ಮಾಡುತ್ತದೆ!

ಇದಕ್ಕೊಂದು ತೂತೂ ಇದೆ. 'ಟ್ಯಾಲಿ'ಯನ್ನು ರೂಬಿ ಇಟ್ಟಿರುವುದು ಎನ್ಯೂಮರಬಲ್‌ನಲ್ಲಿ, ಅರೇಯಲ್ಲಿ ಅಲ್ಲ. ನೀವು ಅರೇಗೆ 'ಇನ್‌ಕ್ಲೂಡ್' ಮಾಡಿದ ಮಾಡ್ಯೂಲ್‌ನಲ್ಲಿ 'ಟ್ಯಾಲಿ' ಇದ್ದರೆ ಅದು ಎನ್ಯೂಮರಬಲ್‌ಗಿಂತ ಮುಂದೆ ಕೂತಿರುವುದರಿಂದ ನಿಮ್ಮದೇ ಗೆಲ್ಲುತ್ತದೆ. 'ಟ್ಯಾಪ್', 'ದೆನ್' ಇರುವುದು ಕರ್ನೆಲ್‌ನಲ್ಲಿ. ಆಬ್ಜೆಕ್ಟ್‌ಗೆ ಇನ್‌ಕ್ಲೂಡ್ ಮಾಡಿದ ಮಾಡ್ಯೂಲ್ ಅವುಗಳ ಮುಂದೆ ನಿಲ್ಲುತ್ತದೆ. ಹಾಗಾಗಿ ಸಾಮಾನ್ಯ ಮೆಥಡ್‌ಗಳನ್ನು ಅವು ಸಹಜವಾಗಿ ಸೇರುವ ಜಾಗಕ್ಕೇ, ಅಂದರೆ ಎನ್ಯೂಮರಬಲ್‌ಗೆ ಅಥವಾ ಕರ್ನೆಲ್‌ಗೇ ಇನ್‌ಕ್ಲೂಡ್ ಮಾಡಿ. ಇಲ್ಲಿ ಆವೃತ್ತಿ ಮುಖ್ಯ: ರೂಬಿ 3.0ಕ್ಕೆ ಮೊದಲು, ಎನ್ಯೂಮರಬಲ್‌ಗೆ ಹೊಸ ಮಾಡ್ಯೂಲ್ ಸೇರಿಸಿದರೆ ಅದನ್ನು ಮೊದಲೇ ಒಳಗೊಂಡಿದ್ದ ಅರೇ, ಹ್ಯಾಶ್‌ಗಳಿಗೆ ಅದು ಕಾಣುತ್ತಿರಲಿಲ್ಲ. 3.0ರಿಂದ ಕಾಣುತ್ತದೆ.

'ಪ್ರಿಪೆಂಡ್' ಅನ್ನು ಇರುವ ಮೆಥಡ್‌ನ ನಡತೆ ಬದಲಿಸಲೇಬೇಕಾದಾಗ ಮಾತ್ರ ಬಳಸಿ. 2.0ರಿಂದ ಲಭ್ಯವಿರುವ ಅದು ಹಳೆಯ ಅಲಿಯಾಸ್ ಸುತ್ತುಗಳಿಗಿಂತ ಎಷ್ಟೋ ಶುಚಿ, 'ಸೂಪರ್' ಎಂದರೆ ಮೂಲ ಮೆಥಡ್ ಸಿಗುತ್ತದೆ. ಆದರೂ ಯುಟಿಲಿಟಿ ಲೈಬ್ರರಿಯೊಂದು ಕೋರ್ ಮೆಥಡ್‌ನ ನಡತೆ ಬದಲಿಸುವುದಕ್ಕೆ ನನ್ನ ಮಟ್ಟಿಗೆ ಒಪ್ಪುವಂಥ ಕಾರಣ ಇನ್ನೂ ಕಂಡಿಲ್ಲ. ಇಂಟಿಜರ್‌ನ ಕೂಡುವ ಚಿಹ್ನೆಯಂಥದ್ದನ್ನು ಮುಟ್ಟಿದರಂತೂ ರೂಬಿ ತನ್ನ ವೇಗದ ಒಳದಾರಿಯನ್ನೇ ಬಿಟ್ಟುಬಿಡುತ್ತದೆ. ಇಡೀ ಪ್ರೋಗ್ರಾಮಿನ ಲೆಕ್ಕಾಚಾರ ನಿಧಾನವಾಗುತ್ತದೆ.

ಐದನೆಯದು: ಕೆಲಸ ಒಂದು ಕಡೆ, ಹೆಸರು ಇನ್ನೊಂದು ಕಡೆ

ಮೆಥಡ್‌ನ ನಿಜವಾದ ಕೆಲಸವನ್ನು ನಿಮ್ಮ ಲೈಬ್ರರಿಯ ಸ್ವಂತ ಮಾಡ್ಯೂಲ್‌ನಲ್ಲಿ ಸಾದಾ ಫಂಕ್ಷನ್ ಆಗಿ ಬರೆಯಿರಿ: ಸ್ಟ್ರಿಂಗ್ ಕೊಟ್ಟರೆ ಉತ್ತರ ಕೊಡುವಂಥದ್ದು. ಎಕ್ಸ್‌ಟೆನ್ಷನ್ ಎಂಬುದು ಆ ಫಂಕ್ಷನ್‌ಗೆ 'ಸೆಲ್ಫ್' ಕಳಿಸುವ ಒಂದೇ ಸಾಲಿನ ಹೊದಿಕೆ ಆಗಿರಲಿ. ಲೈಬ್ರರಿಯ ಒಳಗಿನ ಕೋಡ್ ಯಾವಾಗಲೂ ಫಂಕ್ಷನ್ ಅನ್ನೇ ಕರೆಯಲಿ, ಎಕ್ಸ್‌ಟೆನ್ಷನ್ ಅನ್ನು ಎಂದೂ ಅಲ್ಲ.

ಇದರಿಂದ ಆಗುವ ಲಾಭ ದೊಡ್ಡದು. ಕೋರ್ ಕ್ಲಾಸ್ ಮುಟ್ಟದೆ ನಿಮ್ಮ ಲೈಬ್ರರಿ ಬಳಸಬೇಕು ಎನ್ನುವವರಿಗೆ ಅದು ಸಾಧ್ಯವಾಗುತ್ತದೆ. ಬೇರೆ ಜೆಮ್ ಅದೇ ಹೆಸರನ್ನು ಆಕ್ರಮಿಸಿದರೂ ನಿಮ್ಮ ಒಳಗಿನ ಕೋಡ್ ಕದಲುವುದಿಲ್ಲ. ಒಂದು ಹೆಸರನ್ನು ನಿವೃತ್ತಿ ಮಾಡಬೇಕಾದಾಗ ಕೆಲಸ ಉಳಿದು ಹೆಸರು ಮಾತ್ರ ಹೋಗುತ್ತದೆ.

ಮುಂದೆ, ಒಂದು ಮೆಥಡ್‌ಗೆ ಒಂದು ಫೈಲ್. ಬೇಕಾದವರು ಬೇಕಾದಷ್ಟನ್ನೇ 'ರಿಕ್ವೈರ್' ಮಾಡಿಕೊಳ್ಳಲಿ. ಆಕ್ಟಿವ್ ಸಪೋರ್ಟ್ ರೈಲ್ಸ್ 3ರ ಕಾಲದಿಂದ ಹೀಗೆ ಬಿಡಿ ಬಿಡಿಯಾಗಿ ತೆಗೆದುಕೊಳ್ಳಲು ಬಿಡುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗ ಫೈಲ್‌ಗಳ ನಡುವಿನ ಅವಲಂಬನೆ. 'ಪ್ರೆಸೆನ್ಸ್' ಫೈಲಿನಲ್ಲಿ 'ಬ್ಲ್ಯಾಂಕ್?' ಕರೆದಿರುತ್ತೀರಿ, ಆದರೆ ಅದನ್ನು ರಿಕ್ವೈರ್ ಮಾಡಿರುವುದಿಲ್ಲ. ಟೆಸ್ಟ್‌ಗಳು ಇಡೀ ಲೈಬ್ರರಿ ಲೋಡ್ ಮಾಡುವುದರಿಂದ ತಪ್ಪು ಕಾಣುವುದೇ ಇಲ್ಲ. ಪರಿಹಾರ: ಪ್ರತಿ ಎಕ್ಸ್‌ಟೆನ್ಷನ್ ಫೈಲನ್ನೂ ಹೊಸ ರೂಬಿ ಪ್ರಾಸೆಸ್‌ನಲ್ಲಿ ಒಂಟಿಯಾಗಿ ಲೋಡ್ ಮಾಡಿ ಅದರ ಟೆಸ್ಟ್ ಮಾತ್ರ ಓಡಿಸಿ. ನಿಧಾನ ನಿಜ. ಪ್ರತಿ ಕಮಿಟ್‌ಗೆ ಬೇಡ ಎನಿಸಿದರೆ ದಿನಕ್ಕೊಮ್ಮೆಯಾದರೂ ಓಡಲಿ.

ಆರನೆಯದು: ರಿಫೈನ್‌ಮೆಂಟ್ ಎಲ್ಲಿ ಒಗ್ಗುತ್ತದೆ

ರಿಫೈನ್‌ಮೆಂಟ್‌ಗಳು 2.0ರಲ್ಲಿ ಪ್ರಯೋಗವಾಗಿ ಬಂದು 2.1ರಲ್ಲಿ ಅಧಿಕೃತವಾದವು. ಫೈಲಿನಲ್ಲಿ 'ಯೂಸಿಂಗ್' ಎಂದು ಬರೆದ ಸಾಲಿನಿಂದ ಆ ಫೈಲ್ ಮುಗಿಯುವವರೆಗೆ ಮಾತ್ರ ನಿಮ್ಮ ಮೆಥಡ್ ಕಾಣುತ್ತದೆ. ಉಳಿದ ಪ್ರೋಗ್ರಾಮಿಗೆ ಅದು ಇಲ್ಲವೇ ಇಲ್ಲ. ಹೆಸರಿನ ಜಗಳ ತಪ್ಪಿಸಲು ಇದಕ್ಕಿಂತ ಒಳ್ಳೆಯ ಸಾಧನ ರೂಬಿಯಲ್ಲಿ ನನಗೆ ಕಂಡಿಲ್ಲ.

ಮೊದಮೊದಲು ಇದನ್ನು ಬಳಸಿ ಬೇಸತ್ತು ಬಿಟ್ಟವರು ಬಹಳ. ಆಗ ಅದಕ್ಕೆ ಕಾರಣವೂ ಇತ್ತು. 'ಸೆಂಡ್' ಮೂಲಕ ಕರೆದರೆ, 'ಮ್ಯಾಪ್'ಗೆ ಆಂಪರ್‌ಸ್ಯಾಂಡ್ ಹಾಕಿ ಸಿಂಬಲ್ ಕೊಟ್ಟರೆ ಅದು ಕೆಲಸ ಮಾಡುತ್ತಿರಲಿಲ್ಲ. ಆ ಎರಡೂ 2.4ರಲ್ಲಿ ಸರಿಯಾದವು, ಮಾಡ್ಯೂಲ್‌ಗಳನ್ನು ರಿಫೈನ್ ಮಾಡುವುದೂ ಆಗಲೇ ಸಾಧ್ಯವಾಯಿತು. 2.5ರಲ್ಲಿ ಸ್ಟ್ರಿಂಗ್ ಒಳಗಿನ ಇಂಟರ್‌ಪೋಲೇಷನ್, 2.6ರಲ್ಲಿ 'ಪಬ್ಲಿಕ್_ಸೆಂಡ್' ಮತ್ತು 'ರೆಸ್ಪಾಂಡ್_ಟು?', 2.7ರಲ್ಲಿ 'ಮೆಥಡ್' ಇವೂ ಸೇರಿದವು. ಹಾಗಾಗಿ ಹತ್ತು ವರ್ಷದ ಹಿಂದಿನ ಅಭಿಪ್ರಾಯವನ್ನು ಇಟ್ಟುಕೊಂಡು ಇದನ್ನು ತಳ್ಳಿಹಾಕಬೇಡಿ.

ಒಂದೇ ಮೆಥಡ್ ಅನ್ನು ಎರಡು ಕಡೆ ಬರೆಯದೆ, ರಿಫೈನ್‌ಮೆಂಟ್ ಆಗಿಯೂ ಇನ್‌ಕ್ಲೂಡ್ ಮಾಡುವ ಮಾಡ್ಯೂಲ್ ಆಗಿಯೂ ಕೊಡುವುದಕ್ಕೆ 3.1ರಲ್ಲಿ ಬಂದ 'ಇಂಪೋರ್ಟ್_ಮೆಥಡ್ಸ್' ಇದೆ. ಅದು ಮಾಡ್ಯೂಲ್‌ನ ಮೆಥಡ್‌ಗಳನ್ನು ರಿಫೈನ್‌ಮೆಂಟ್‌ಗೆ ನಕಲು ಮಾಡಿಕೊಳ್ಳುತ್ತದೆ. ಮೆಥಡ್ ರೂಬಿಯಲ್ಲೇ ಬರೆದದ್ದಾಗಿರಬೇಕು, ಸಿ ಯಲ್ಲಿ ಬರೆದದ್ದು ಆಗದು. ರಿಫೈನ್‌ಮೆಂಟ್ ಒಳಗೆ ಮಾಡ್ಯೂಲ್ ಅನ್ನು 'ಇನ್‌ಕ್ಲೂಡ್' ಮಾಡುತ್ತಿದ್ದ ಹಳೆಯ ರೀತಿ 3.2ರಲ್ಲಿ ತೆಗೆದುಹಾಕಲ್ಪಟ್ಟಿದೆ. ನಿಮ್ಮಲ್ಲಿ ಅದಿದ್ದರೆ ಮೊದಲು ಸರಿಮಾಡಿ.

ಕೊರತೆಯನ್ನೂ ಬಳಕೆದಾರರಿಗೆ ಹೇಳಿಬಿಡಿ: ಪ್ರತಿ ಫೈಲಿನಲ್ಲೂ 'ಯೂಸಿಂಗ್' ಬರೆಯಬೇಕು. ನಿಮ್ಮ ಫೈಲಿನಿಂದ ಬೇರೆ ಲೈಬ್ರರಿಗೆ ವಸ್ತು ಕಳಿಸಿದರೆ ಅಲ್ಲಿ ಆ ಮೆಥಡ್ ಸಿಗುವುದಿಲ್ಲ. ಮತ್ತೆ, ರಿಫೈನ್‌ಮೆಂಟ್ ಪ್ರಿಪೆಂಡ್‌ಗಿಂತಲೂ ಮುಂದೆ ಇರುವುದರಿಂದ, ರೂಬಿ ಅದೇ ಹೆಸರು ತಂದರೂ ಆ ಫೈಲಿನಲ್ಲಿ ಗೆಲ್ಲುವುದು ನಿಮ್ಮದೇ. ಹೋಲಿಕೆ ಟೆಸ್ಟ್‌ನಿಂದ ಇಲ್ಲಿಯೂ ಬಿಡುಗಡೆ ಇಲ್ಲ.

ಏಳನೆಯದು: ಮೆಥಡ್‌ನ ಅಂಚುಗಳನ್ನು ಉಜ್ಜಿ ನೋಡಿ

ಸ್ಟ್ರಿಂಗ್ ಖಾಲಿಯೇ ಎಂದು ನೋಡುವ 'ಬ್ಲ್ಯಾಂಕ್?' ಬರೆಯುವಾಗ ಹಲವರು 'ಸ್ಟ್ರಿಪ್' ಮಾಡಿ 'ಎಂಪ್ಟಿ?' ಕೇಳುತ್ತಾರೆ. ರೂಬಿಯ 'ಸ್ಟ್ರಿಪ್' ಆಸ್ಕಿ ಖಾಲಿ ಜಾಗಗಳನ್ನೂ ಶೂನ್ಯ ಅಕ್ಷರವನ್ನೂ ಮಾತ್ರ ತೆಗೆಯುತ್ತದೆ. ವೆಬ್ ಪುಟದಿಂದ ನಕಲು ಮಾಡಿದ ಪಠ್ಯದಲ್ಲಿ ನುಸುಳಿ ಬರುವ ಒಡೆಯದ ಖಾಲಿ ಜಾಗ, ಯೂನಿಕೋಡ್ ಸಂಖ್ಯೆ 00ಎ0, ಅದಕ್ಕೆ ಸಿಗುವುದಿಲ್ಲ. ರೆಗ್ಯುಲರ್ ಎಕ್ಸ್‌ಪ್ರೆಷನ್‌ನ 'ಸ್ಪೇಸ್' ಗುಂಪನ್ನು ಬಳಸಿದರೆ ಸಿಗುತ್ತದೆ. ಆಗ ಇನ್ನೊಂದು ಪ್ರಶ್ನೆ ಏಳುತ್ತದೆ: ಬೈಟ್‌ಗಳು ಕೆಟ್ಟ ಸ್ಟ್ರಿಂಗ್ ಬಂದರೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎರರ್ ಎಸೆಯುತ್ತದೆ. ಎಸೆಯಲಿ ಎಂದೋ ಬೇಡ ಎಂದೋ ನಿರ್ಧರಿಸಿ, ಟೆಸ್ಟ್‌ನಲ್ಲಿ ಬರೆದಿಡಿ.

ಸ್ಟ್ರಿಂಗ್ ಕತ್ತರಿಸುವ ಮೆಥಡ್ ಇದ್ದರೆ ಕನ್ನಡ ಪದವೊಂದನ್ನು ಕೊಟ್ಟು ನೋಡಿ. 'ಪುಸ್ತಕ' ಎಂಬುದು ರೂಬಿಯ 'ಲೆಂಗ್ತ್' ಪ್ರಕಾರ 6: ಪ, ಉಕಾರದ ಚಿಹ್ನೆ, ಸ, ವಿರಾಮ, ತ, ಕ. ಯುಟಿಎಫ್ 8ರಲ್ಲಿ 18 ಬೈಟ್. ಮೊದಲ 3 ಅಕ್ಷರ ಕೇಳಿದರೆ 'ಪುಸ' ಬರುತ್ತದೆ. ಒತ್ತಕ್ಷರ ಮಾಯ, ಅಲ್ಲಿ ಇಲ್ಲದ ಅಕಾರ ಬಂದು ಸೇರಿದೆ. ಮೊದಲ 1 ಕೇಳಿದರೆ 'ಪ', ಉಕಾರ ಹೋಯಿತು. 2.5ರಿಂದ ಇರುವ 'ಗ್ರಾಫೀಮ್_ಕ್ಲಸ್ಟರ್ಸ್' ಇದನ್ನು ಪು, ಸ್, ತ, ಕ ಎಂದು 4 ತುಂಡು ಮಾಡುತ್ತದೆ. ಒತ್ತಕ್ಷರದ ನಡುವೆ ಇನ್ನೂ ಕತ್ತರಿ ಬೀಳಬಹುದು, ಆದರೆ ಸ್ವರಚಿಹ್ನೆ ಮತ್ತು ವಿರಾಮ ತಮ್ಮ ವ್ಯಂಜನದಿಂದ ಬೇರ್ಪಡುವುದಿಲ್ಲ. ಇಂಥ ಪದಗಳನ್ನು ಟೆಸ್ಟ್‌ನಲ್ಲಿ ಇಡುವುದು ನಾವೇ. ಇಂಗ್ಲಿಷ್ ಪದಗಳಲ್ಲಷ್ಟೇ ಟೆಸ್ಟ್ ಮಾಡುವವರಿಗೆ ಈ ತಪ್ಪು ಕಣ್ಣಿಗೇ ಬೀಳದು.

ಆಬ್ಜೆಕ್ಟ್‌ಗೆ ಸೇರಿಸುವ ಮೆಥಡ್‌ಗಳ ವಿಷಯದಲ್ಲಿ ತುಂಬ ಬಿಗಿಯಾಗಿರಿ. ಅದು ನಿಲ್‌ಗೂ ಹೋಗುತ್ತದೆ, ಕ್ಲಾಸ್‌ಗಳಿಗೂ ಮಾಡ್ಯೂಲ್‌ಗಳಿಗೂ ಹೋಗುತ್ತದೆ. 'ಟು_ಎಆರ್‌ವೈ', 'ಟು_ಎಸ್‌ಟಿಆರ್', 'ಟು_ಹ್ಯಾಶ್' ಹೆಸರುಗಳನ್ನಂತೂ ಎಂದೂ ಅಲ್ಲಿ ಇಡಬೇಡಿ. ರೂಬಿ ಇವನ್ನು ಕೇಳದೆಯೇ ಕರೆಯುತ್ತದೆ: 'ಫ್ಲ್ಯಾಟನ್' ಮಾಡುವಾಗ, 'ಪುಟ್ಸ್' ಮಾಡುವಾಗ, ಬ್ಲಾಕ್‌ನ ಪ್ಯಾರಾಮೀಟರ್‌ಗಳನ್ನು ಬಿಡಿಸುವಾಗ.

ಹೆಸರಿನ ಆಯ್ಕೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜಾವಾಸ್ಕ್ರಿಪ್ಟ್ ಕಡೆಯ ಒಂದು ಘಟನೆ ನೆನಪಿಗೆ ಬರುತ್ತದೆ. ಅಲ್ಲಿ ಅರೇಗೆ 'ಫ್ಲ್ಯಾಟನ್' ತರಲು ಹೊರಟಾಗ, ಮೂಟೂಲ್ಸ್ ಲೈಬ್ರರಿ ವರ್ಷಗಳ ಹಿಂದೆಯೇ ಅದೇ ಹೆಸರನ್ನು ಅರೇಗೆ ಸೇರಿಸಿದ್ದರಿಂದ ಹಳೆಯ ವೆಬ್‌ಸೈಟ್‌ಗಳು ಮುರಿಯತೊಡಗಿದವು. 2018ರಲ್ಲಿ ಭಾಷೆಯೇ ಸೋತು 'ಫ್ಲ್ಯಾಟ್' ಎಂದು ಹೆಸರಿಟ್ಟುಕೊಳ್ಳಬೇಕಾಯಿತು.

ಎಂಟನೆಯದು: ತೆಗೆಯುವ ಬಗೆ

ರೂಬಿಯೇ ತೆಗೆದುಕೊಂಡ, ನಡತೆ ಪೂರ್ತಿ ಒಂದೇ ಆದ ಮೆಥಡ್‌ಗೆ ಎಚ್ಚರಿಕೆ ಬೇಡ. ಮೆಥಡ್ ಅಳಿಸಿ, ಫೈಲ್ ಮಾತ್ರ ಖಾಲಿ ಉಳಿಸಿ. ಯಾರದೋ ಪ್ರೋಗ್ರಾಮಿನಲ್ಲಿ ಆ ಫೈಲನ್ನು ರಿಕ್ವೈರ್ ಮಾಡಿರುವ ಸಾಲು ಮುರಿಯಬಾರದು. ಮುಂದಿನ ಮೇಜರ್ ಆವೃತ್ತಿಯಲ್ಲಿ ಫೈಲೂ ಹೋಗಲಿ.

ಬೇರೆ ಹೆಸರಿಗೆ ಸಾಗಿಸಬೇಕಾದರೆ ಹಳೆಯದರಲ್ಲಿ 'ವಾರ್ನ್' ಕರೆಯಿರಿ. ಅದಕ್ಕೆ 'ಅಪ್‌ಲೆವೆಲ್' 1 ಕೊಟ್ಟರೆ, ಎಚ್ಚರಿಕೆ ನಿಮ್ಮ ಲೈಬ್ರರಿಯ ಸಾಲನ್ನು ಬಿಟ್ಟು ಬಳಕೆದಾರರ ಕೋಡ್‌ನ ಸಾಲನ್ನು ತೋರಿಸುತ್ತದೆ. ಅವರಿಗೆ ಬೇಕಾದದ್ದು ಅದೇ. 3.0ರಿಂದ 'ಕ್ಯಾಟಗರಿ' ಎಂದು 'ಡೆಪ್ರಿಕೇಟೆಡ್' ಸೂಚಿಸಬಹುದು. ಒಂದು ಮಾತು: 2.7.2ರಿಂದ ಈ ವರ್ಗದ ಎಚ್ಚರಿಕೆಗಳು ತಾವಾಗಿ ತೋರುವುದಿಲ್ಲ. ಟೆಸ್ಟ್ ಓಡಿಸುವಾಗ ಅವನ್ನು ಆನ್ ಮಾಡಿಕೊಳ್ಳಿ ಎಂದು ಬಿಡುಗಡೆಯ ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲೇ ಬರೆಯಿರಿ. ಬಹಳ ಸಾರಿ ಕರೆಯುವ ಮೆಥಡ್ ಆದರೆ ಒಂದು ಜಾಗಕ್ಕೆ ಒಂದೇ ಬಾರಿ ಎಚ್ಚರಿಸಿ, ಲಾಗ್ ತುಂಬಿಸಬೇಡಿ.

ಕೋರ್ ಎಕ್ಸ್‌ಟೆನ್ಷನ್ ಲೈಬ್ರರಿಗೆ ಹೊಸ ಮೆಥಡ್ ಸೇರಿಸುವುದೂ ನಿರುಪದ್ರವಿ ಬದಲಾವಣೆಯಲ್ಲ. ಸೆಮ್ಯಾಂಟಿಕ್ ವರ್ಶನಿಂಗ್ ಲೆಕ್ಕದಲ್ಲಿ ಅದು ಮೈನರ್ ಬದಲಾವಣೆ. ಆದರೆ ಸ್ಟ್ರಿಂಗ್‌ಗೆ ಹೊಸ ಹೆಸರೊಂದು ಬಂದು ಕೂತರೆ ಬೇರೆಯವರ 'ರೆಸ್ಪಾಂಡ್_ಟು?' ಪರೀಕ್ಷೆಯ ಉತ್ತರ ಬದಲಾಗುತ್ತದೆ. ಅದಕ್ಕೇ ಹೊಸದನ್ನು 'ಎಲ್ಲವನ್ನೂ ಲೋಡ್ ಮಾಡು' ಫೈಲಿಗೆ ಮೈನರ್ ಆವೃತ್ತಿಯಲ್ಲಿ ಸೇರಿಸಬೇಡಿ. ಮೊದಲು ಒಂಟಿ ಫೈಲ್ ಆಗಿ ಬರಲಿ, ಮೇಜರ್ ಬಂದಾಗ ಒಟ್ಟಿಗೆ ಸೇರಲಿ.

ಒಂಬತ್ತನೆಯದು: ಡಿಸೆಂಬರ್ 25ಕ್ಕೆ ಮೊದಲೇ

2.1ರಿಂದ ಈಚೆಗೆ ರೂಬಿಯ ಹೊಸ ಆವೃತ್ತಿ ಪ್ರತಿ ವರ್ಷ ಡಿಸೆಂಬರ್ 25ಕ್ಕೆ ಬರುತ್ತದೆ. ಪ್ರಿವ್ಯೂ ಆವೃತ್ತಿಗಳು ಅದಕ್ಕೂ ಮುಂಚೆಯೇ ಸಿಗುತ್ತವೆ. ಸ್ವಯಂಚಾಲಿತ ಟೆಸ್ಟ್‌ಗಳಲ್ಲಿ ನೀವು ಬೆಂಬಲಿಸುವ ಎಲ್ಲ ಆವೃತ್ತಿಗಳ ಜೊತೆ ರೂಬಿಯ ಅಭಿವೃದ್ಧಿ ಶಾಖೆಯನ್ನೂ ಇಡಿ. ಅದು ಬಿದ್ದರೆ ಬಿಡುಗಡೆ ನಿಲ್ಲಬೇಕಿಲ್ಲ, ಆದರೆ ಯಾರಾದರೂ ನೋಡಬೇಕು. ಆಕ್ಟಿವ್ ಸಪೋರ್ಟ್ ಜೊತೆ ಎರಡು ಸಾರಿ ಓಡಿಸಿ: ಒಮ್ಮೆ ಅದು ಮೊದಲು ಲೋಡ್ ಆದಂತೆ, ಒಮ್ಮೆ ನಿಮ್ಮದು ಮೊದಲು ಲೋಡ್ ಆದಂತೆ. ರೂಬಿ ಭಾಷೆಯನ್ನು ಓಡಿಸುವ ಬೇರೆ ಎಂಜಿನ್‌ಗಳಾದ ಜೆರೂಬಿ, ಟ್ರಫಲ್‌ರೂಬಿ ಬಳಕೆದಾರರಿದ್ದರೆ ಅವೂ ಇರಲಿ.

ಪ್ರಿವ್ಯೂ ಬಂದ ವಾರ ನಾನು ಮಾಡುವುದು ಇಷ್ಟು. ರೂಬಿಯ ಜೊತೆಗೇ ಬರುವ ನ್ಯೂಸ್ ಫೈಲಿನಲ್ಲಿ ಕೋರ್ ಕ್ಲಾಸ್‌ಗಳ ಭಾಗ ತೆರೆದು ಓದುತ್ತೇನೆ. ಮೊದಲ ಹೆಜ್ಜೆಯ ಸ್ಕ್ರಿಪ್ಟ್ ಅನ್ನು ಹೊಸ ರೂಬಿಯಲ್ಲಿ ಓಡಿಸಿ, ನಮ್ಮ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಯಾವುದಾದರೂ ಈಗ ಲೈಬ್ರರಿ ಇಲ್ಲದೆಯೂ ಸಿಗುತ್ತಿದೆಯೇ ಎಂದು ನೋಡುತ್ತೇನೆ. ಸಿಕ್ಕಿದರೆ ಆ ಹೆಸರಿಗೆ ಹೋಲಿಕೆ ಟೆಸ್ಟ್ ಬರೆಯುತ್ತೇನೆ, ಖಾಲಿ ಅರೇಯಿಂದಲೇ ಶುರು ಮಾಡಿ.